ನಲವತ್ತು ನಿಮಿಷದ ಹಾಸಿಗೆ

ನಮ್ಮ ಮನೆಯವರ ತಂಗಿಯ ಮಗಳು ಒಂದು ಮಂಗಳವಾರ ಮಧ್ಯಾಹ್ನ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅತ್ತೆ, ನಿಮ್ಮ ಹತ್ರ ದುಡ್ಡು ಕೇಳೋಕೆ ಬಂದಿದೀನಿ. ಈಗ್ಲೇ ಹೇಳ್ಬಿಡ್ತೀನಿ. ಕಾಫಿ ಕುಡಿದ ಮೇಲೆ ಬಾಯಿ ಬರಲ್ಲ."

ನನಗೆ ಇವಳು ಇಷ್ಟವಾಗುವುದು ಇದಕ್ಕೇ. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಅನ್ನುತ್ತೇವೆ. ಪುಟ್ಟಿಗೆ ಈಗ ನಲವತ್ತೊಂದು. ಆರು ವರ್ಷದ ಹಿಂದೆ ಒಳ್ಳೆಯ ಕೆಲಸ ಬಿಟ್ಟು, ಸ್ತನ ಕ್ಯಾನ್ಸರಿಗೆ ಒಂದು ಮೆಷಿನ್ ಮಾಡುತ್ತೇನೆ ಅಂತ ಸಣ್ಣ ಕಂಪನಿ ತೆಗೆದಳು. ಗಡ್ಡೆಯನ್ನು ನಲವತ್ತು ನಿಮಿಷ ಹದವಾಗಿ ಬಿಸಿ ಮಾಡಿಟ್ಟರೆ ಆಮೇಲೆ ಕೊಡುವ ಔಷಧಿ ಅದಕ್ಕೆ ಚೆನ್ನಾಗಿ ತಾಗುತ್ತದಂತೆ. ಹೆಚ್ಚು ಬಿಸಿಯಾದರೆ ಚರ್ಮ ಸುಡುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಅನ್ನದ ಪಾತ್ರೆ ಸಣ್ಣ ಉರಿಯಲ್ಲಿಟ್ಟ ಹಾಗೆ ಅಂತ ಅವಳೇ ನನಗೆ ಬಿಡಿಸಿ ಹೇಳಿದ್ದಳು.

"ಎಷ್ಟು ಬೇಕು ಪುಟ್ಟಿ?" ಎಂದು ಇವರು ಅದಾಗಲೇ ಬ್ಯಾಂಕಿನ ಪುಸ್ತಕ ತರಲು ಎದ್ದಿದ್ದರು.

"ರೀ, ಕೂತ್ಕೊಳ್ಳಿ. ಅವಳು ಇನ್ನೂ ಒಳಗೇ ಬಂದಿಲ್ಲ."

ಕಾಫಿಯ ಮುಂದೆ ಕೂತು ಪುಟ್ಟಿ ಎಲ್ಲವನ್ನೂ ಹೇಳಿದಳು. ಮೆಷಿನ್ ಎಂಟು ತಿಂಗಳಿಂದ ಆಸ್ಪತ್ರೆಯಲ್ಲಿ ಪರೀಕ್ಷೆಗಿದೆ. ಒಬ್ಬೊಬ್ಬರಿಗೆ ವಾರಕ್ಕೊಮ್ಮೆ, ಎಂಟು ವಾರ. ಮಲಗಿದವರು ಅಲುಗಾಡಿದರೆ ಬಿಸಿ ಬೇರೆ ಜಾಗಕ್ಕೆ ಬೀಳಬಾರದೆಂದು ಮೆಷಿನ್ ತಾನೇ ನಿಂತುಬಿಡುತ್ತದೆ. ಇದುವರೆಗೆ ಒಂಬತ್ತು ಹೆಂಗಸರು ಮಲಗಿದ್ದಾರೆ. ಆರು ಜನ ಅರ್ಧಕ್ಕೇ ಎದ್ದು ಹೋಗಿದ್ದಾರೆ.

"ಬಿಸಿ ತಡೆಯೋಕೆ ಆಗ್ತಿಲ್ಲ ಅತ್ತೆ. ತಣ್ಣೀರು ಹರಿಯೋ ಚೀಲ ಬದಲಾಯಿಸಿದ್ವಿ, ಪ್ರೋಗ್ರಾಂ ಹೊಸದಾಗಿ ಬರೆದ್ವಿ. ಇದ್ದ ದುಡ್ಡೆಲ್ಲ ಅದಕ್ಕೇ ಹೋಯ್ತು. ಆದ್ರೂ ಏಳ್ತಾರೆ. ದುಡ್ಡು ಹಾಕ್ತೀವಿ ಅಂದೋರು ಫೋನೇ ಎತ್ತಲ್ಲ."

"ಆಸ್ಪತ್ರೆಯವರು ಏನಂತಾರೆ?"

"ಬರೋ ವಾರ ಶುಕ್ರವಾರ ಹೊಸದಾಗಿ ಮೂರು ಜನ ಬರ್ತಾರೆ. ಮೂರೂ ಜನ ನಲವತ್ತು ನಿಮಿಷ ಮುಗಿಸಿದ್ರೆ ಮುಂದುವರಿಸ್ತಾರೆ. ಇಲ್ಲಾಂದ್ರೆ ಮೆಷಿನ್ ಎತ್ತಿಕೊಂಡು ಹೋಗಿ ಅಂದಿದಾರೆ. ಮುಗಿಸಿದ್ರೂ ನನ್ನ ಹತ್ರ ಈ ತಿಂಗಳ ಕೊನೆ ತನಕ ಮಾತ್ರ ದುಡ್ಡಿರೋದು. ಆಮೇಲೆ ಮೂರು ತಿಂಗಳು ಸಂಬಳ, ಬಾಡಿಗೆ ನಡೀಬೇಕು. ನಿಮ್ಮ ಶೆಡ್ ಮಾರಿದ ದುಡ್ಡಲ್ಲಿ ಅರ್ಧ ಸಾಕು."

"ಪೂರ್ತಿ ತಗೋ" ಎಂದರು ಇವರು.

"ನೋಡದೆ ಒಂದು ಕಾಸೂ ಇಲ್ಲ" ಎಂದೆ ನಾನು.

ಇವರ ಮುಖ ಸಣ್ಣದಾಯಿತು. ಆದರೆ ಪುಟ್ಟಿ ತಲೆಯಾಡಿಸಿದಳು. ಅವಳಿಗೆ ನಮ್ಮ ಕೆಲಸ ಗೊತ್ತು. ನಾವಿಬ್ಬರೂ ಮೂವತ್ನಾಲ್ಕು ವರ್ಷ ಬಸ್ಸಿನ ಸೀಟು ಹೊಲಿದವರು. ಬೆರಳ ಗಂಟುಗಳು ನೋಯಲು ಶುರುವಾದ ಮೇಲೆ ಹೋದ ವರ್ಷ ಶೆಡ್ಡನ್ನು ಮಾರಿದೆವು. ಅಲ್ಲಿಯವರೆಗೆ ಯಾವ ಬಸ್ಸಿಗೂ ಕೂತು ನೋಡದೆ ಬೆಲೆ ಹೇಳಿದವಳಲ್ಲ ನಾನು. ಮಾಲೀಕರು ಅಳತೆ ತೆಗೆದುಕೊಳ್ಳಿ ಅಂದರೆ ನಾನು ಟಿಕೆಟ್ ತೆಗೆದುಕೊಂಡು ಕೊನೆಯ ಸಾಲಿನಲ್ಲಿ ಕೂತು, ಬಸ್ಸು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗಿ ಬರುತ್ತಿದ್ದೆ. ಐದು ನಿಮಿಷಕ್ಕೆ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತನೆಯ ನಿಮಿಷಕ್ಕೆ ಅದರ ಬಣ್ಣ ಬಯಲಾಗುತ್ತದೆ.

ಮರುದಿನ ಅವಳ ಕಂಪನಿಗೆ ಹೋದೆವು. ಕಂಪನಿ ಅಂದರೆ ಒಂದು ಬಣ್ಣದ ಅಂಗಡಿಯ ಮೇಲಿನ ಎರಡು ಕೋಣೆ. ಮೊದಲನೆಯದರಲ್ಲಿ ವೈರು, ಸ್ಕ್ರೂ ಡಬ್ಬಿ, ಹಿಡಿ ಮುರಿದ ಕಪ್ಪುಗಳು. ಎಂಟು ಜನರಿಗೆ ಹಾಕಿದ ಮೇಜುಗಳಲ್ಲಿ ಮೂವರೇ ಉಳಿದಿದ್ದರು. ಅವರಲ್ಲಿ ದೊಡ್ಡ ಇಂಜಿನಿಯರ್ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದ. ಎರಡನೆಯ ಕೋಣೆಯಲ್ಲಿ, ಆಸ್ಪತ್ರೆಯಲ್ಲಿರುವಂಥದ್ದೇ ಇನ್ನೊಂದು ಮೆಷಿನ್. ಅದರ ಮಂಚದ ಮೇಲೆ ಒಂದು ಬೊಂಬೆ ಮಲಗಿತ್ತು. ಮೈಯೆಲ್ಲ ಗಟ್ಟಿ ಜೆಲ್ಲಿ, ಒಳಗೆ ಬಿಸಿ ಅಳೆಯುವ ತಂತಿಗಳು.

"ಇವಳು ಸುಮ್ಮನಮ್ಮ" ಎಂದ ಇಂಜಿನಿಯರ್ ಹೆಮ್ಮೆಯಿಂದ. "ಸಾವಿರದ ಇನ್ನೂರು ಗಂಟೆ ಮಲಗಿದಾಳೆ. ಒಂದು ಸಲಾನೂ ಅಲುಗಾಡಿಲ್ಲ."

"ಅದೃಷ್ಟವಂತೆ. ಎತ್ತಿ ಈಚೆ ಇಡಪ್ಪ. ನಾನು ಮಲಗ್ತೀನಿ."

"ಅಮ್ಮ, ಹಾಗೆಲ್ಲ ಮೆಷಿನ್ ಹಾಕೋ ಹಾಗಿಲ್ಲ!"

"ಹಾಕಬೇಡ. ಮೇಲೆ ಇಡೋದನ್ನೆಲ್ಲ ಇಡು, ಕರೆಂಟು ಮಾತ್ರ ಕೊಡಬೇಡ."

ಮಲಗಿದೆ. ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಸಿದರು. ಎದೆಯ ಮೇಲೆ ನೀರಿನ ಚೀಲ ಇಟ್ಟರು. ಪುಟ್ಟಿ ಫೋನಿನಲ್ಲಿ ಸಮಯ ಹಾಕಿದಳು. ಮೊದಲ ಐದು ನಿಮಿಷ ಹಾಯಾಗಿತ್ತು. ಇವರ ಜೊತೆ ರಾತ್ರಿ ಅಡುಗೆಗೆ ಏನು ಮಾಡುವುದು ಅಂತ ಮಾತಾಡಿದೆ. ಎಂಟಕ್ಕೆ ಹಿಮ್ಮಡಿ ಉರಿಯತೊಡಗಿತು. ಹತ್ತಕ್ಕೆ ಎತ್ತಿದ ಕೈ ಜೋಮು ಹಿಡಿಯಿತು. ಹನ್ನೆರಡಕ್ಕೆ ಬೆನ್ನ ಕೆಳಗಿನ ಮೂಳೆ, ಇನ್ನು ನನ್ನಿಂದ ಆಗುವುದಿಲ್ಲ ಅಂದಿತು.

"ಎಬ್ಬಿಸ್ರೋ ನನ್ನ!"

"ಆದ್ರೆ ಬಿಸೀನೇ ಹಾಕಿಲ್ವಲ್ಲ?" ಎಂದ ಇಂಜಿನಿಯರ್.

"ಅದನ್ನೇ ಹೇಳ್ತಿರೋದು ನಾನು. ನೀನು ಯಾವತ್ತಾದ್ರೂ ಇದರ ಮೇಲೆ ಮಲಗಿದೀಯಾ?"

"ಮಲಗಿದೀನಿ. ಬಿಸಿ ಹೇಗಿದೆ ಅಂತ ನೋಡೋಕೆ."

"ಎಷ್ಟು ಹೊತ್ತು?"

ಅವನು ಪುಟ್ಟಿಯ ಮುಖ ನೋಡಿದ. ಪುಟ್ಟಿ ನೆಲ ನೋಡಿದಳು. "ಎರಡು ನಿಮಿಷ" ಎಂದರು ಇಬ್ಬರೂ.

ಆಮೇಲೆ ನಾನು ಯಾರನ್ನೂ ಬಿಡಲಿಲ್ಲ. ಇಂಜಿನಿಯರ್ ಒಂಬತ್ತು ನಿಮಿಷಕ್ಕೆ ಅಯ್ಯೋ ಅಂದ. ಲೆಕ್ಕ ನೋಡುವಾಕೆ ಹನ್ನೊಂದಕ್ಕೆ ಎದ್ದು, ಇಂಥ ಬೆಂಚಿಗೆ ಅಷ್ಟು ಬಿಲ್ಲು ಕಟ್ಟಿದ್ದು ನಾನೇನಾ ಅಂತ ಹಣೆ ಚಚ್ಚಿಕೊಂಡಳು. ಪುಟ್ಟಿ ಹಲ್ಲು ಕಚ್ಚಿ ಹದಿನಾರರವರೆಗೆ ಎಳೆದಳು. ಇವರೂ ಆಸೆಪಟ್ಟು ಮಲಗಿ ಮೂರನೆಯ ನಿಮಿಷಕ್ಕೇ ಗೊರಕೆ ಹೊಡೆದರು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದೆ. ನಮ್ಮ ಮನೆಯವರು ಜಲ್ಲಿ ರಾಶಿಯ ಮೇಲೂ ನಿದ್ದೆ ಮಾಡುವವರು.

ಪುಟ್ಟಿ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ಒಂದು ಕ್ಷಣ ಗೊತ್ತಾಗಲಿಲ್ಲ.

"ಎಂಟು ತಿಂಗಳು ಅತ್ತೆ. ಎಂಟು ತಿಂಗಳು ಬಿಸಿ ಕಡಿಮೆ ಮಾಡ್ತಾ ಕೂತಿದ್ವಿ. ಅವರನ್ನ ಯಾಕೆ ಎದ್ರಿ ಅಂತ ಕೇಳಿದ್ರೆ, ಆಗ್ಲಿಲ್ಲಮ್ಮ ಅನ್ನೋರು. ನಾವು ಬಿಸೀನೇ ಅಂದ್ಕೊಂಡ್ವಿ."

"ಡಾಕ್ಟರ ಮುಂದೆ ಯಾರು ಹಾಸಿಗೆ ಚೆನ್ನಾಗಿಲ್ಲ ಅಂತಾರೆ ಪುಟ್ಟಿ? ಕ್ಯಾನ್ಸರಿಗೆ ಬಂದೋಳು ಸೊಂಟದ ಮಾತಾಡಿದ್ರೆ ಏನಂದ್ಕೋತಾರೋ ಅಂತ ಸುಮ್ನಾಗ್ತಾಳೆ."

ಉಳಿದದ್ದು ಒಂಬತ್ತು ದಿನ. ಹಾಸಿಗೆ ಬದಲಿಸಲು ಆಸ್ಪತ್ರೆಯ ಸಮಿತಿ ಒಪ್ಪಬೇಕಿತ್ತು. ಪುಟ್ಟಿ ಆ ಕಾಗದಗಳ ಹಿಂದೆ ಬಿದ್ದಳು, ನಾವು ಹಾಸಿಗೆಯ ಹಿಂದೆ. ಶೆಡ್ಡು ಕೊಂಡಿದ್ದವನು ಮೂಲೆಯಲ್ಲಿದ್ದ ನಮ್ಮ ಹಳೇ ಹೊಲಿಗೆ ಮೆಷಿನ್ನನ್ನು ವಾರದ ಮಟ್ಟಿಗೆ ಬಳಸಿಕೊಳ್ಳಿ ಎಂದ. ಇನ್ನು ಸೂಜಿ ಮುಟ್ಟುವುದಿಲ್ಲ ಅಂದಿದ್ದಿರಲ್ಲ ಅಂತ ಚುಡಾಯಿಸಿಯೂ ಚುಡಾಯಿಸಿದ.

ಕಷ್ಟವಾದದ್ದು ಒಂದೇ. ಮೆಷಿನ್ ಬಿಸಿಗೆಂದು ಬಿಡುವ ಅಲೆಗಳಿಗೆ ಲೋಹ ಆಗದು. ಮೊಳೆ ಇಲ್ಲ, ಸ್ಪ್ರಿಂಗ್ ಇಲ್ಲ, ಜಿಪ್ಪು ಕೂಡ ಇಲ್ಲ. ಇವರು ಜೀವಮಾನವಿಡೀ ಬಾಯಿಯಲ್ಲಿ ಮೊಳೆ ಕಚ್ಚಿಕೊಂಡೇ ಕೆಲಸ ಮಾಡಿದವರು. ಖಾಲಿ ಬಾಯಲ್ಲಿ ಏನು ಮಾಡಬೇಕೋ ತಿಳಿಯದೆ ಇಡೀ ದಿನ ನನಗೆ ಸಲಹೆ ಕೊಟ್ಟರು.

"ಸೊಂಟದ ಹತ್ರ ಮೆತ್ತಗೆ ಮಾಡೇ."

"ಮೆತ್ತಗೆ ಮಾಡಿದ್ರೆ ಹೂತುಹೋಗ್ತಾರೆ. ಕೆಳಗೆ ಗಟ್ಟಿ, ನಡುವೆ ಮಧ್ಯಮ, ಮೇಲೆ ಎರಡು ಬೆರಳು ಮೆತ್ತನೆಯದು. ಸುಮ್ನೆ ಸ್ಪಾಂಜು ಕೊಯ್ಯಿರಿ."

ಹಿಮ್ಮಡಿಗೆ ಒಂದು ಗುಳಿ ಮಾಡಿದೆವು. ಮಂಡಿಯ ಕೆಳಗೆ ಒಂದು ಉರುಟು ದಿಂಬು. ಎತ್ತಿದ ಕೈ ತೂಗಾಡದೆ ಕೂರಲು ಪಕ್ಕದಲ್ಲಿ ದೋಣಿಯಂಥ ಒಂದು ತೊಟ್ಟಿಲು. ಮೇಲೆ ಒರೆಸಿದರೆ ಶುದ್ಧವಾಗುವ ರೆಕ್ಸಿನ್, ಹೊಲಿಗೆಯೆಲ್ಲ ಮಗ್ಗುಲಿಗೆ. ಭಾನುವಾರ ನಾನು ನಲವತ್ತು ನಿಮಿಷ ಮಲಗಿದೆ. ಸೋಮವಾರ ಭುಜದ ಹತ್ತಿರ ಬಿಚ್ಚಿ ಮತ್ತೆ ಹೊಲಿದೆ. ಮಂಗಳವಾರ ಇಂಜಿನಿಯರ್ ಅದನ್ನು ಸುಮ್ಮನಮ್ಮನ ಕೆಳಗೆ ಹಾಕಿ ಬಿಸಿ ಅಳೆದ. ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ ಎಂದ. ಬುಧವಾರ ಸಮಿತಿಯ ಒಪ್ಪಿಗೆ ಬಂತು.

"ದುಡ್ಡು?" ಎಂದು ಇವರು ಮೆಲ್ಲಗೆ ಕೇಳಿದರು.

"ಶುಕ್ರವಾರ ಕಳೀಲಿ."

ಶುಕ್ರವಾರ ಆಸ್ಪತ್ರೆಯ ಓಣಿಯಂಥ ಉದ್ದ ವರಾಂಡದ ಬೆಂಚಿನಲ್ಲಿ ನಾವಿಬ್ಬರೂ ಕೂತಿದ್ದೆವು. ಮೊದಲು ಬ್ಯಾಂಕಿನ ಕ್ಯಾಷಿಯರ್ ಒಳಗೆ ಹೋದಳು. ನಲವತ್ತು ನಿಮಿಷಕ್ಕೆ ಬಾಗಿಲ ಮೇಲಿನ ಹಸಿರು ದೀಪ ಬಂತು. ಇವರು ನನ್ನ ಕೈ ಒತ್ತಿದರು. ಎರಡನೆಯವರು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದ ಟೀಚರ್. ಅಲುಗಾಡಬಾರದು ಅಂದಿದ್ದಕ್ಕೆ, ನನಗೇ ಹೇಳ್ತೀರಾ ಅಂತ ನರ್ಸನ್ನೇ ಗದರಿದ್ದರು. ಅವರದೂ ಹಸಿರು.

ಮೂರನೆಯವಳು ತರಕಾರಿ ಮಾರುವಾಕೆ. ಗಟ್ಟಿ ಆಳು, ಗಟ್ಟಿ ಗಂಟಲು. ಒಳಗೆ ಹೋಗುವಾಗಲೇ, "ಅಕ್ಕ, ನಾನು ಹುಟ್ಟಿದಾಗಿನಿಂದ ನಲವತ್ತು ನಿಮಿಷ ಸುಮ್ನೆ ಮಲಗಿದೋಳಲ್ಲ" ಎಂದು ನನಗೆ ಹೇಳಿ ಹೋದಳು.

ಹತ್ತು ನಿಮಿಷ. ಇಪ್ಪತ್ತು. ಒಳಗಿನಿಂದ ಅವಳ ಮಾತು ಕೇಳುತ್ತಲೇ ಇತ್ತು. ಟೊಮೇಟೊ ಹೇಗೆ ಆರಿಸಬೇಕೆಂದು ನರ್ಸಿಗೆ ಪಾಠ. ಮೂವತ್ತನೆಯ ನಿಮಿಷದ ಹೊತ್ತಿಗೆ ಮಾತು ನಿಂತಿತು. ಇವರು ಎದ್ದು ನಿಂತರು. ಎದ್ದುಬಿಟ್ಟಳೇನೋ ಅಂದುಕೊಂಡೆ. ಬಾಗಿಲ ಮೇಲಿನ ದೀಪ ಕೆಂಪಾಗಲೂ ಇಲ್ಲ, ಹಸಿರಾಗಲೂ ಇಲ್ಲ. ನಾನು ಗೋಡೆಯ ಗಡಿಯಾರದ ಮುಳ್ಳನ್ನು ಕಣ್ಣಿನಿಂದಲೇ ತಳ್ಳುತ್ತಾ ಕೂತೆ.

ಹಸಿರು ಬಂತು.

ಬಾಗಿಲು ತೆರೆದು ಪುಟ್ಟಿ ಹೊರಗೆ ಬಂದಳು. ಬಂದವಳೇ ತನ್ನ ಮಾವನ ಭುಜಕ್ಕೆ ಹಣೆ ಒತ್ತಿ ನಿಂತಳು. ಇವರು ಅವಳ ಬೆನ್ನು ತಟ್ಟುತ್ತಾ, "ಅಷ್ಟೇನಾ? ಅಷ್ಟೇನಾ?" ಅನ್ನುತ್ತಿದ್ದರು. ಏನು ಅಷ್ಟೇ ಅಂತ ಅವರಿಗೇ ಗೊತ್ತಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳು ನನ್ನ ಪಕ್ಕ ಕೂತಳು. "ಅತ್ತೆ, ಒಂದು ಮಾತು ಹೇಳ್ಬಿಡಬೇಕು. ಮೂರು ಜನ ಮಲಗಿದ್ರು, ಅಷ್ಟೇ. ಗಡ್ಡೆ ಕರಗುತ್ತೋ ಇಲ್ವೋ ಗೊತ್ತಾಗೋಕೆ ಇನ್ನೂ ಎರಡು ವರ್ಷ. ನೀವು ಹಾಕೋ ದುಡ್ಡು ವಾಪಸ್ ಬರದೇನೂ ಇರಬಹುದು. ಹಾಸಿಗೆಗೆ ಬಿಲ್ ಕೊಡಿ, ಹೇಗಾದ್ರೂ ಕೊಡ್ತೀನಿ. ಶೇರು ತಗೊಳ್ಳಿ ಅಂತ ಒತ್ತಾಯ ಮಾಡಲ್ಲ."

ನಾನು ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನ್ನ ಮನಸ್ಸು ಹಿಂದೆ ಸರಿಯಿತು. ಬೆರಳು ನೋಯುವ ವಯಸ್ಸು. ಬ್ಯಾಂಕಿನಲ್ಲಿರುವುದು ಬ್ಯಾಂಕಿನಲ್ಲೇ ಇರಲಿ ಅನ್ನಿಸಿತು. ಹಾಸಿಗೆ ಹೊಲಿದು ಕೊಟ್ಟಾಯಿತಲ್ಲ.

ಅಷ್ಟರಲ್ಲಿ ತರಕಾರಿಯಾಕೆ ಕೈ ಕೊಡವುತ್ತಾ ಹೊರಗೆ ಬಂದಳು.

"ಯಾರು ಹೊಲಿದಿದ್ದು ಆ ಹಾಸಿಗೆ?"

ಇವರು ನನ್ನತ್ತ ಬೆರಳು ತೋರಿಸಿದರು.

"ಸೊಂಟಕ್ಕೆ ಹಾಯಾಗಿದೆ ಅಕ್ಕ. ನಡುವೆ ಒಂದು ಜೊಂಪು ಕೂಡ ಹತ್ತಿತು. ಆದ್ರೆ ದಿಂಬು ಎತ್ತರ ಆಯ್ತು. ನನಗೆ ಕುತ್ತಿಗೆ ಗಿಡ್ಡ, ನೋಡು. ಮುಂದಿನ ಶುಕ್ರವಾರ ಬರ್ತೀನಲ್ಲ, ಅಷ್ಟರೊಳಗೆ ತಗ್ಗಿಸಿಡು."

ನಾನು ಪುಟ್ಟಿಯತ್ತ ನೋಡಿದೆ. ಮುಂದಿನ ಶುಕ್ರವಾರ ಎರಡನೆಯ ತಾರೀಕು. ಅವಳ ಕಂಪನಿಯ ದುಡ್ಡು ತೀರುವುದು ಅದಕ್ಕೆ ಎರಡು ದಿನ ಮೊದಲು. ಪುಟ್ಟಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ತರಕಾರಿಯಾಕೆ ಮಾತ್ರ ತನಗೆ ಇನ್ನೂ ಏಳು ಶುಕ್ರವಾರ ಇದೆಯೆಂಬ ಭರವಸೆಯಲ್ಲಿ, ನನ್ನ ಮುಂದೆ ಕುತ್ತಿಗೆ ಚಾಚಿ ನಿಂತಿದ್ದಳು.

"ಆ ಶೇರಿನ ಕಾಗದ ತಂದಿದೀಯಾ?" ಎಂದೆ.

ಪುಟ್ಟಿ ಚೀಲಕ್ಕೆ ಕೈ ಹಾಕಿದಳು. "ಅತ್ತೆ, ಯೋಚನೆ ಮಾಡಿ..."

"ಮಾಡಿದೆ. ಅರ್ಧ. ನಿಮ್ಮ ಮಾವ ಪೂರ್ತಿ ಅಂತಾರೆ, ಕಿವಿ ಕೊಡಬೇಡ. ಬಿಲ್ ಬೇಡ. ಆದ್ರೆ ಇನ್ಮೇಲೆ ನಿನ್ನ ಮೆಷಿನ್ನಿಗೆ ಏನೇ ಹೊಸದು ಮಾಡಿದ್ರೂ ಮೊದಲು ನಲವತ್ತು ನಿಮಿಷ ನೀನು ಮಲಗಬೇಕು, ಆಮೇಲೆ ಆ ಕನ್ನಡಕದವನು. ಅದನ್ನೂ ಕಾಗದದಲ್ಲಿ ಬರಿ."

"ಬರೀತೀನಿ" ಎಂದಳು ಪುಟ್ಟಿ. ಈ ಸಲ ನಗುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಾಯಿತು.

ಇವರು ಜೇಬು ತಡಕಿ ಪೆನ್ನು ಕೊಟ್ಟರು. ನಾನು ಬೆಂಚಿನ ಮೇಲೆ ಕಾಗದ ಹರಡಿ ಎಲ್ಲಿ ಸಹಿ ಹಾಕಬೇಕೆಂದು ಹುಡುಕುತ್ತಿದ್ದಾಗ, ತರಕಾರಿಯಾಕೆ ನನ್ನ ಭುಜ ತಟ್ಟಿದಳು.

"ಬರವಣಿಗೆ ಎಲ್ಲ ಆಮೇಲೆ ಮಾಡ್ಕೊಳ್ಳಕ್ಕ. ಮೊದಲು ನನ್ನ ಕುತ್ತಿಗೆ ಅಳತೆ ತಗೋ. ನನಗೆ ಬಸ್ಸು ತಪ್ಪುತ್ತೆ."