ಹೀರಾಬಾಯಿಯ ಟ್ರ್ಯಾಕ್ಟರ್

"ಮನ್ಯಾಗ ಟ್ರ್ಯಾಕ್ಟರ್ ಇಟ್ಕೊಂಡು ಬಡವರ ಅಕ್ಕಿಗೆ ಕೈ ಚಾಚ್ತಿ. ನಾಚ್ಕಿ ಆಗಂಗಿಲ್ಲೇನ್ ಬೇ ನಿನಗ?"

ಹೀಗೆ ಕೇಳಿದವನು ಅಮರನಾಥ. ಆಳಂದದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವವನು. ಕೊರಳಿಗೆ ಗುರುತಿನ ಚೀಟಿ ಇಳಿಬಿಟ್ಟುಕೊಂಡು ಮೊಬೈಲನ್ನು ಹೀರಾಬಾಯಿಯ ಮೂಗಿಗೆ ತಾಗಿಸುವಷ್ಟು ಹತ್ತಿರ ಹಿಡಿದಿದ್ದ. ಅವಳು ರೇಷನ್ ಅಂಗಡಿಯಲ್ಲಿ ಆಗಷ್ಟೇ ಹೆಬ್ಬೆಟ್ಟು ಒತ್ತಿ, ಚೀಲದ ಬಾಯಿ ಅಗಲಿಸಿ ನಿಂತಿದ್ದಳು.

"ಯಾವ ಟ್ರ್ಯಾಕ್ಟರ್ರಿ ಯಪ್ಪಾ? ನಮ್ಮ ಮನ್ಯಾಗ ಸೈಕಲ್ ಸುದ್ದಾ ಇಲ್ಲ."

"ನೋಡಿ ವೀಕ್ಷಕರೇ, ಈ ಮಹಿಳೆ ಹೇಗೆ ನಾಟಕ ಮಾಡ್ತಾ ಇದ್ದಾರೆ ನೋಡಿ." ವೀಕ್ಷಕರೊಂದಿಗೆ ಮಾತಾಡುವಾಗ ಅಮರನಾಥನ ಕನ್ನಡ ಬೆಂಗಳೂರಿಗೆ ಹೋಗಿ ಬರುತ್ತದೆ. ಹೀರಾಬಾಯಿಯ ಕಡೆ ತಿರುಗಿದಾಗ ಮತ್ತೆ ಊರಿನದೇ ಆಯಿತು. "ಇದ್ಯಾರು, ನಿಮ್ಮವ್ವೇನು?"

ಸರ್ಕಾರಿ ಕಡತದ್ದೆಂದು ಅವನು ತೋರಿಸಿದ ಫೋಟೋದಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡ ಹೊಸ ಕೆಂಪು ಟ್ರ್ಯಾಕ್ಟರ್ ಇತ್ತು. ಪಕ್ಕದಲ್ಲಿ ಹಸಿರು ಸೀರೆಯುಟ್ಟು ನಗುತ್ತ ನಿಂತವಳು ಅವಳೇ.

ಹೀರಾಬಾಯಿಗೆ ನೆನಪಾಯಿತು. ಮೂರು ವರ್ಷದ ಹಿಂದೆ ಬಸವಂತರಾಯ ಗೌಡ, ಮನೆ ಮಂಜೂರು ಮಾಡಿಸುತ್ತೇನೆಂದು ಕಲಬುರಗಿಗೆ ಕರೆದೊಯ್ದು ಅವಳಿಂದ ಏಳೆಂಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ್ದ. ಮನೆ ಬರಲಿಲ್ಲ, ಗೌಡನ ವಾಡೆಗೆ ಟ್ರ್ಯಾಕ್ಟರ್ ಬಂತು. ಪೂಜೆಯ ದಿನ ಗೌಡತಿ ಸೀರೆ ಕೊಟ್ಟು ಅವಳನ್ನು ಗಾಡಿಯ ಪಕ್ಕ ನಿಲ್ಲಿಸಿದಳು. ದೊಡ್ಡವರ ಮನೆಯಲ್ಲಿ ಆಳುಗಳದೂ ಒಂದು ಫೋಟೋ ತೆಗೆಯುತ್ತಾರೇನೋ ಅಂದುಕೊಂಡು ಅವಳು ಬಾಯ್ತುಂಬ ನಕ್ಕಿದ್ದಳು. ದಲಿತ ಕೇರಿಯವರು ಟ್ರ್ಯಾಕ್ಟರ್ ಕೊಂಡರೆ ಸರ್ಕಾರ ಸಬ್ಸಿಡಿ ಕೊಡುತ್ತದೆ. ಅದನ್ನು ನುಂಗಬೇಕಾದರೆ ಕೇರಿಯದೊಂದು ಹೆಸರು ಬೇಕು, ಹೆಸರಿನ ಪಕ್ಕಕ್ಕೊಂದು ಮುಖ ಬೇಕು. ಇದು ಗೌಡನಿಗೆ ಗೊತ್ತಿತ್ತು. ಅವಳಿಗೆ ಯಾರು ಹೇಳಬೇಕು?

ಡೀಲರ್ ಅಳೆದು ಹಾಕಿದ್ದ ಅಕ್ಕಿಯನ್ನು ಅವಳ ಚೀಲದಿಂದ ವಾಪಸ್ ಸುರಿದುಕೊಂಡ. "ಕಾರ್ಡ್ ಮ್ಯಾಲ ತನಿಖಿ ಬಿದ್ದದ. ಏನಿದ್ರೂ ಸಾಹೇಬ್ರ ಮುಂದ ಹೇಳ್ಕೊ."

ಸಾಲಿನಲ್ಲಿ ನಿಂತವರೆಲ್ಲ ಅವಳ ಜೊತೆ ತೊಗರಿ ಕೊಯ್ದವರು, ಕಾಯಿಲೆ ಬಿದ್ದ ಅವಳ ಗಂಡನನ್ನು ದವಾಖಾನೆಯ ಗಾಡಿಗೆ ಎತ್ತಿ ಹಾಕಲು ಬಂದವರು. ಹಿಂದಿನಿಂದ ಯಾರೋ ಒಬ್ಬಳು, "ಇಂಥೋರು ತಿಂದ್ರ ನಮಗೆಲ್ಲಿ ಉಳೀತದ," ಅಂದಳು. ಹೀರಾಬಾಯಿ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು.

ಮರುದಿನ ತೊಗರಿ ಹೊಲದಲ್ಲಿ ಕುಲಸುಮಬಿ ಕುಡುಗೋಲು ಕೆಳಗಿಟ್ಟು ಮೊಬೈಲ್ ತೆಗೆದಳು. ಇಬ್ಬರೂ ಚಿಕ್ಕಂದಿನಿಂದ ಜೋಡಿಯಲ್ಲೇ ಕೂಲಿಗೆ ಹೋದವರು. ಕುಲಸುಮಬಿ ಏಳನೆಯವರೆಗೆ ಓದಿದ್ದಳು.

"ಹದಿನೆಂಟು ಸಾವಿರ ಮಂದಿ ನೋಡ್ಯಾರ ನಿನ್ನ."

"ಏನಂತಾರ?"

"ಬ್ಯಾಡ ಬಿಡು."

"ಓದಬೇ."

"'ಇಂಥಾಕಿನ್ನ ಗಿಡಕ್ಕ ಕಟ್ಟಿ ಹೊಡೀಬೇಕು.' 'ಕೊಟ್ಟು ಕೊಟ್ಟು ಇವರ ಸೊಕ್ಕು ಹೆಚ್ಚಾಗ್ಯದ.' 'ನಮ್ಮ ಟ್ಯಾಕ್ಸ್ ರೊಕ್ಕದಾಗ ಇವರ ಮೋಜು.'"

"ಟ್ಯಾಕ್ಸ್ ಅಂದ್ರೇನು?"

"ಸಾಬೂನು ತಗೊಂಡಾಗ ನೀನೂ ಕೊಡ್ತಿಯಲ್ಲ, ಅದು."

ಹೀರಾಬಾಯಿ ಮತ್ತೆ ಕುಡುಗೋಲು ಹಿಡಿದಳು. ಹದಿನೆಂಟು ಸಾವಿರ ಮಂದಿ ಉಗುಳಿದ್ದನ್ನು ಅವಳು ಒರೆಸಿಕೊಂಡಾಳು. ಅವಳನ್ನು ಸುಡುತ್ತಿದ್ದದ್ದು ಬೇರೆ. ಗಂಡ ಮಲ್ಕಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಕಲಬುರಗಿಯ ದವಾಖಾನೆಯಲ್ಲಿ ಆ ರೇಷನ್ ಕಾರ್ಡು ತೋರಿಸಿದರೆ ಪುಕ್ಕಟೆಯಾಗಿ ರಕ್ತ ತೊಳೆದು ಕಳಿಸುತ್ತಿದ್ದರು. ಒಂದು ಸಲ ತಪ್ಪಿದರೆ ಮೈಯೆಲ್ಲ ಬಾತು ಉಸಿರಿಗೆ ಒದ್ದಾಡುತ್ತಿದ್ದ. ಕಾರ್ಡು ಹೋದರೆ ಅವನೂ ಹೋದ. ಅಷ್ಟೇ ಲೆಕ್ಕ.

ಹೊತ್ತಿಳಿಯುವಾಗ ಗೌಡನೇ ಬದುವಿನ ಮೇಲೆ ಬಂದು ನಿಂತ. ಹಣೆಗೆ ವಿಭೂತಿ, ಕೈಯಲ್ಲಿ ಕಾರಿನ ಚಾವಿ. ಗೌಡ ದನಿ ಎತ್ತಿ ಮಾತಾಡುವವನಲ್ಲ. ಅವನು ಮೆತ್ತಗೆ ಮಾತಾಡಿದರೇ ಊರು ಹೆಚ್ಚು ಹೆದರುತ್ತದೆ.

"ಹೀರಾ, ಗುರುವಾರ ಸಾಹೇಬ್ರು ಬರ್ತಾರ. ಟ್ರ್ಯಾಕ್ಟರ್ ಯಾರದಂತ ಕೇಳ್ತಾರ. ನಂದು ಅನ್ನು."

"ನಂದಂದ್ರ ಕಾರ್ಡ್ ಹೋಗ್ತದಲ್ರಿ ಯಪ್ಪಾ."

"ಹೋಗ್ಲಿ. ತಿಂಗಳಿಗೊಂದು ಚೀಲ ಜ್ವಾಳ ವಾಡೇದಾಗ ಒಯ್ಯಿ. ನಾ ಏನ್ ನಿನ್ನ ಉಪವಾಸ ಕೆಡವ್ತೇನೇನು?"

"ಜ್ವಾಳ ತೋರ್ಸಿದ್ರ ರಕ್ತ ತೊಳ್ಯಂಗಿಲ್ರಿ ದವಾಖಾನ್ಯಾಗ."

ಗೌಡ ಒಂದು ತೊಗರಿ ಕಾಯಿ ಕಿತ್ತು ಬಿಡಿಸಿ ಬಾಯಿಗೆ ಹಾಕಿಕೊಂಡ. "ನಂದಲ್ಲ ಅಂದ್ರ ಸರ್ಕಾರಕ್ಕ ಮೋಸ ಮಾಡಿದಾಕಿ ನೀನ ಆಗ್ತಿ. ಹೆಬ್ಬೆಟ್ಟು ನಂದಲ್ಲ, ನಿಂದು. ಮತ್ತ ಮಲ್ಕಪ್ಪಂದು ಮುಗದ ಕತಿ, ಹಿಂದ ಮುಂದ ಎರಡು ದಿನ. ಇರೋರ ಚಿಂತಿ ಮಾಡು. ನಿನ್ನ ಸಣ್ಣ ಮಗಳು ಹಳ್ಳದ ದಂಡಿಗುಂಟ ಸಾಲಿಗೆ ಹೋಗ್ತಾಳಲ್ಲ, ಒಬ್ಬಾಕಿನ ಹೋಗ್ತಾಳೇನು?"

ಅಷ್ಟು ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಟ್ಟ.

ಆಮೇಲಿನ ಎರಡು ದಿನವೂ ಅವಳ ಗುಡಿಸಲಿನ ಎದುರು ಒಂದು ಬೈಕು ಬಂದು ನಿಲ್ಲುತ್ತಿತ್ತು. ಇಂಜಿನ್ ಆರಿಸುತ್ತಿರಲಿಲ್ಲ. ಮೇಲೆ ಕೂತವನು ಯಾರನ್ನೂ ಮಾತಾಡಿಸದೆ ಹಲ್ಲಿಗೆ ಕಡ್ಡಿ ಹಾಕುತ್ತ ಕೂತು, ಶಾಲೆಯ ಗಂಟೆ ಹೊಡೆದ ಮೇಲೆ ಹೋಗುತ್ತಿದ್ದ. ಮಗಳು ಶಾಲೆಗೆ ಹೋಗಲಿಲ್ಲ. ದವಾಖಾನೆಯಲ್ಲಿ ಕಾರ್ಡು ನಡೆಯುವುದಿಲ್ಲವೆಂದು ಆಗಲೇ ಹೇಳಿ ಕಳಿಸಿದ್ದರು. ಮಲ್ಕಪ್ಪ ಗೋಡೆಗೆ ಒರಗಿ, ಬಾತ ಪಾದಗಳನ್ನು ನೋಡುತ್ತ ಕೂತಿದ್ದ.

"ಗೌಡ ಹೇಳ್ದಂಗ ಹೇಳಿಬಿಡು," ಅಂದ. "ನನ್ನ ಚಿಂತಿ ಬಿಡು."

"ಹೇಳ್ತೇನಿ," ಅಂದಳು ಹೀರಾಬಾಯಿ.

ಹೀರಾಬಾಯಿಯ ಟ್ರ್ಯಾಕ್ಟರಿನ ತನಿಖೆ ನಡೆದದ್ದು ಬಸವಂತರಾಯನ ವಾಡೆಯ ಅಂಗಳದಲ್ಲಿ. ಇದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ಆಹಾರ ಇಲಾಖೆಯ ಸಾಹೇಬ ಗೌಡನ ಕುರ್ಚಿಯಲ್ಲಿ ಕೂತು ಗೌಡನ ಚಹಾ ಕುಡಿಯುತ್ತಿದ್ದ. ಅಮರನಾಥ ಮೊಬೈಲ್ ಎತ್ತಿ ಹಿಡಿದು ತಯಾರಾಗಿದ್ದ. ಡ್ರೈವರ್ ಅಮೋಘಸಿದ್ದ ಟ್ರ್ಯಾಕ್ಟರ್ ಚಾಲೂ ಇಟ್ಟು ಮೇಲೆ ಕೂತಿದ್ದ. ಹೊರಗೆ ಗೇಟಿನ ಕಂಬಿ ಹಿಡಿದು ಅರ್ಧ ಊರು ನಿಂತಿತ್ತು, ಅದರಲ್ಲಿ ಕುಲಸುಮಬಿಯೂ ಇದ್ದಳು. ಹೀರಾಬಾಯಿ ಕಸಬರಿಗೆ ಇಲ್ಲದೆ ಆ ಅಂಗಳಕ್ಕೆ ಕಾಲಿಟ್ಟದ್ದು ಅದು ಎರಡನೆಯ ಸಲ.

"ಈ ಗಾಡಿ ಯಾರದಮ್ಮ?"

"ನಂದ್ರಿ."

"ಜೋರಾಗಿ ಹೇಳು."

"ನಂದು. ಹೀರಾಬಾಯಿ ಗಂಡ ಮಲ್ಕಪ್ಪ. ಈ ಟ್ರ್ಯಾಕ್ಟರ್ ನಂದು."

ಗೇಟಿನ ಆಚೆ ಗುಜುಗುಜು ಎದ್ದಿತು. ಗೌಡನ ಮುಖ ಸಡಿಲಾಯಿತು. ಸಾಹೇಬ ಬರೆದುಕೊಂಡ, ಕಾರ್ಡು ರದ್ದೆಂದು ಓದಿ ಹೇಳಿದ, ಹೆಬ್ಬೆಟ್ಟು ಒತ್ತಿಸಿಕೊಂಡ.

"ಬರದ್ರೇನ್ರಿ? ಸರ್ಕಾರದ ಕಾಗದದಾಗ ನಂದಂತ ಬರದ್ರಿ?"

"ಬರದೀನಮ್ಮ. ಮುಗೀತು, ಹೋಗು."

ಅವಳು ಗೇಟಿನ ಕಡೆ ಹೋಗಲಿಲ್ಲ. ನೆಟ್ಟಗೆ ಟ್ರ್ಯಾಕ್ಟರ್ ಹತ್ತಿರ ಹೋದಳು. "ಅಮೋಘಸಿದ್ದ, ಇಳಿ."

"ಯಾಕಕ್ಕ?"

"ನನ್ನ ಗಾಡಿ ಮ್ಯಾಲಿಂದ ಇಳೀಲೇ. ಆಳಂದ ಬಜಾರಕ್ಕ ಒಯ್ದು ಮಾರ್ತೇನಿ. ನನ್ನ ಗಂಡನ ರಕ್ತ ತೊಳಸಬೇಕಾಗ್ಯದ."

ಅಮೋಘಸಿದ್ದ ಗೌಡನ ಮುಖ ನೋಡಿದ, ಸಾಹೇಬನ ಕೈಯಲ್ಲಿನ ಕಾಗದ ನೋಡಿದ, ಗಾಡಿ ಬಂದ್ ಮಾಡಿ ಇಳಿದುಬಿಟ್ಟ. ಹೀರಾಬಾಯಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಹತ್ತಿ ಸೀಟಿನ ಮೇಲೆ ಕೂತಳು. ಅವಳಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಎರಡೂ ಕೈಯಿಂದ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಗೌಡನ ದನಿ ಮೊದಲ ಸಲ ಏರಿತು. "ಇಳೀ ಬೇ ರಂಡಿ. ನಿಮ್ಮ ಜಾತಿ ಬುದ್ಧಿ ತೋರಿಸಿದೆಲ್ಲ."

"ಇಳಿಯಂಗಿಲ್ಲ. ನಿಂದಂತ ಸಾಹೇಬ್ರ ಮುಂದ ಹೇಳು, ಇಳೀತೇನಿ."

ಗೌಡ ಹೇಳಿದರೆ ನುಂಗಿದ ಸಬ್ಸಿಡಿ ಹೊರಬೀಳುತ್ತಿತ್ತು. ಹೇಳುವ ಹಾಗಿರಲಿಲ್ಲ.

"ತಮ್ಮಾ," ಅವಳು ಅಮರನಾಥನನ್ನು ಕರೆದಳು. "ಅವತ್ತ ರೇಷನ್ ಅಂಗಡ್ಯಾಗ ಮೂಗಿಗೆ ಹಿಡಿದಿದ್ದೆಲ್ಲ. ಇವತ್ತೂ ಹಿಡಿ. ಹದಿನೆಂಟು ಸಾವಿರ ಮಂದಿ ಇದನ್ನೂ ನೋಡ್ಲಿ."

ಅಮರನಾಥ ಗೌಡನನ್ನು ನೋಡಿದ. ಗೌಡ ಬೇಡವೆಂದು ತಲೆ ಅಲ್ಲಾಡಿಸಿದ. ಮೊಬೈಲು ಜೇಬಿಗೆ ಹೋಯಿತು. ಸಾಹೇಬನಿಗೆ ಇನ್ನೂ ಮೂರು ಊರಿನ ಕಳ್ಳ ಕಾರ್ಡು ಹಿಡಿಯುವುದಿತ್ತು. ಅವನು ಕಾಗದ ಮಡಚಿಕೊಂಡು ಜೀಪು ಹತ್ತಿದ, ಅಮರನಾಥನೂ ಅದೇ ಜೀಪಿನಲ್ಲಿ ಹೋದ. ಬೈಕಿನವನು ಎಲ್ಲಿಂದಲೋ ಬಂದು ಅಂಗಳದ ಮೂಲೆಯಲ್ಲಿ ನಿಂತ. ಅವನ ಜೊತೆ ಇನ್ನಿಬ್ಬರು ಬಂದರು.

ಗೇಟಿನ ಆಚೆಯ ಜನ ಒಬ್ಬೊಬ್ಬರಾಗಿ ಕರಗತೊಡಗಿದರು.

"ಗೇಟ್ ಹಾಕ್ರಿ," ಅಂದ ಗೌಡ, ಮತ್ತೆ ಮೆತ್ತಗೆ.

ಗೇಟು ಮುಚ್ಚುವಷ್ಟರಲ್ಲಿ ಕುಲಸುಮಬಿ ಸಂದಿಯಿಂದ ನುಸುಳಿ ಒಳಗೆ ಬಂದಳು. ಅವಳ ಕೈಯಲ್ಲಿ ತೊಗರಿ ಕೊಯ್ಯುವ ಕುಡುಗೋಲಿತ್ತು. ಯಾರನ್ನೂ ಕೇಳದೆ ಟ್ರ್ಯಾಕ್ಟರ್ ಹತ್ತಿ, ಹೀರಾಬಾಯಿಯ ಪಕ್ಕಕ್ಕೆ, ದೊಡ್ಡ ಗಾಲಿಯ ಮೇಲಿನ ಮಡ್‌ಗಾರ್ಡಿನಲ್ಲಿ ಕೂತಳು.

ಹಿಂದೆ ಗೇಟಿನ ಕಬ್ಬಿಣದ ಅಗುಳಿ ಬಿತ್ತು.