ಹುಲ್ಲುಗಾವಲಲ್ಲಿ ಹೂತ ಅಂಗಿ

ಅಕ್ಕನ ಹುಲ್ಲುಗಾವಲಿನ ಅರ್ಧ ಭಾಗಕ್ಕೆ ಬಹಳ ವರ್ಷಗಳಿಂದ ರಾಸಾಯನಿಕ ಗೊಬ್ಬರ ಬೀಳುತ್ತಿತ್ತು. ಉಳಿದರ್ಧಕ್ಕೂ ಹಾಕಲು ಮೂಟೆ ಬಿಚ್ಚಿದ್ದಳು. ಮಣ್ಣು ಪರೀಕ್ಷಿಸುವುದು ನನ್ನ ಕೆಲಸ. ಸ್ವಲ್ಪ ತಡೆ ಎಂದೆ. ಹತ್ತಿಬಟ್ಟೆ ಹೂತರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಕರಗಿಸುತ್ತವೆ; ಬಟ್ಟೆ ಹೆಚ್ಚು ಕರಗಿದಷ್ಟೂ ಮಣ್ಣಿನಲ್ಲಿ ಜೀವ ಹೆಚ್ಚು. ಭಾವನ ಹಳೆಯ ಹತ್ತಿ ಅಂಗಿಯನ್ನು ಎರಡಾಗಿ ಹರಿದು ಎರಡೂ ಕಡೆ ಹೂತೆವು.

"ನನ್ನ ಬದುಕಿದ್ದ ಅಂಗೀನ ಮಣ್ಣು ಮಾಡಿಬಿಟ್ರಲ್ಲ!" ಎಂದು ಭಾವ ಗೊಣಗಿದರು.

ಮಳೆ ನಿಂತ ಮೇಲೆ ಅಗೆದೆವು. ಗೊಬ್ಬರ ಕಾಣದ ಬಡಕಲು ಹುಲ್ಲಿನಡಿ ಒಂದಿಷ್ಟು ಹೊಲಿಗೆದಾರ ಬಿಟ್ಟರೆ ಏನೂ ಉಳಿದಿರಲಿಲ್ಲ. ದಟ್ಟ ಹಸಿರಿನಡಿ ಮಾತ್ರ ಅರ್ಧ ಅಂಗಿ ತೋಳಿನ ಸಮೇತ ಹಾಗೇ ಇತ್ತು.

"ಒಗೆದ್ರೆ ಹಾಕ್ಕೋಬಹುದು ಕಣೇ," ಎಂದು ಭಾವ ನಕ್ಕರು.

ಅಕ್ಕನ ಮುಖ ಬಿಳಿಚಿತು. "ಮೇಲೆ ಇಷ್ಟು ಹಸಿರಿದೆಯಲ್ಲೇ ತಂಗಿ! ಕೆಳಗೆ ಬಟ್ಟೆ ತಿನ್ನೋರು ಯಾರೂ ಇಲ್ವಾ?"

"ಇದ್ದಾರಕ್ಕ, ತೀರಾ ಕಮ್ಮಿ. ಬೇರು ಅವರಿಗೆ ಉಣಿಸ್ತಿತ್ತು, ಅವರು ಬೇರಿಗೆ. ನೀನು ಮೇಲಿಂದ ಬಡಿಸಿದ್ಮೇಲೆ ಹುಲ್ಲು ಅವರನ್ನ ಮರೆತುಬಿಡ್ತು."

"ದೇವರೇ, ಸಾಕ್ತಿದೀನಿ ಅಂದ್ಕೊಂಡಿದ್ದೆ. ಉಪವಾಸ ಕೆಡವಿದ್ನಲ್ಲ!"

ಅಕ್ಕ ಕೊಟ್ಟಿಗೆಗೆ ಹೋಗಿ, ಬಿಚ್ಚಿದ್ದ ಮೂಟೆಯ ಬಾಯನ್ನು ಆ ಅಂಗಿಯ ತೋಳಿನಿಂದಲೇ ಬಿಗಿದು ಕಟ್ಟಿದಳು. ಎಷ್ಟು ಎಳೆದರೂ ತೋಳು ಹರಿಯಲಿಲ್ಲ.