ಹೆಸರಿಗೆ ಬಿದ್ದ ಮನೆ

ಹನ್ನೆರಡು ವರ್ಷದ ಹಿಂದೆ ನನ್ನ ಮೈದುನ ಮಾಲಿಂಗಪ್ಪ ತುಕ್ಕಾನಟ್ಟಿಯ ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಒಂದು ಮಾತು ಕೊಟ್ಟಿದ್ದ. "ವೈನಿ, ಹೆಸರು ನಿಮ್ಮದು, ಮನಿ ನಿಮ್ಮದು. ಬೇಕಂದಾಗ ಕೇಳ್ರಿ, ಕೀಲಿ ಕೊಡತೇನಿ."

ಸರಕಾರದ ಮನೆ ಹೆಂಗಸರ ಹೆಸರಿಗೇ ಆಗಬೇಕಂತ ಕಾನೂನಿತ್ತು. ಅತ್ತೆ ತೀರಿಕೊಂಡಿದ್ದರು, ಅವನಿಗೆ ಇನ್ನೂ ಲಗ್ನ ಆಗಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಉಳಿದ ಒಬ್ಬಳೇ ಹೆಂಗಸು ನಾನು. ನಾವೋ ಆಗಲೇ ಗಂಟು ಕಟ್ಟಿಕೊಂಡು ಗೋಕಾಕಕ್ಕೆ ಬಂದಿದ್ದೆವು. ಆದರೂ ಸಹಿ ಮಾಡಿದೆ. ಪಾಯಾ, ಲಿಂಟಲ್, ಸ್ಲ್ಯಾಬ್ ಅಂತ ಮೂರು ಸಲ ಸರಕಾರಕ್ಕೆ ಕಳಿಸುವ ಫೋಟೋಕ್ಕೆ ಹೋಗಿ ನಿಂತೆ, ಮೂರು ಸಲವೂ ಸಂಜೆ ಬಸ್ಸಿಗೆ ತಿರುಗಿ ಬಂದೆ. ಮಾಲಿಂಗಪ್ಪ ಇದ್ದ ಆ ಮನೆಯೊಳಗೆ ನಾನು ಒಂದು ರಾತ್ರಿಯೂ ಮಲಗಿದವಳಲ್ಲ.

ಗೋಕಾಕದಲ್ಲಿ ನಾನು ಕರದಂಟು ಮಾಡುವಲ್ಲಿ ಕೆಲಸಕ್ಕಿದ್ದೇನೆ. ಗಂಡ ಅಶೋಕ ಹುಕ್ಕೇರಿ ಕಡೆ ಮಂದಿಯ ಮನೆಗೆ ಟೈಲ್ಸ್ ಕೂಡಿಸುತ್ತಾನೆ, ರವಿವಾರ ಬರುತ್ತಾನೆ. ಮಗಳು ಶಿವಾನಿ ಪಿಯುಸಿ. ಮೂವರಿಗೂ ಒಂದೇ ಬಾಡಿಗೆ ಖೋಲಿ. ಅದನ್ನೂ ಕೆಡವಿ ಅಂಗಡಿ ಕಟ್ಟುತ್ತೇನೆ, ಯುಗಾದಿಯೊಳಗೆ ಖಾಲಿ ಮಾಡಿರಿ ಅಂದುಬಿಟ್ಟ ಮಾಲೀಕ. ಬೇರೆ ಖೋಲಿ ಹುಡುಕಿ ಚಪ್ಪಲಿ ಸವೆದವು.

ಅಷ್ಟರಲ್ಲಿ ಊರ ಹೊರಗೆ ಕಟ್ಟಿದ ತೊಂಬತ್ತು ಮನೆಗೆ ಅರ್ಜಿ ಕರೆದರು. ಹಿಂದೆಂದೂ ಸರಕಾರದ ಮನೆ ಸಿಗದವರಿಗೆ ಮಾತ್ರ, ಅದೂ ಚೀಟಿ ಎತ್ತಿ. ಈ ಮೊದಲು ಮನೆ ಪಡೆದಿದ್ದೀರಾ ಅಂತ ಅರ್ಜಿಯಲ್ಲಿ ಕೇಳಿತ್ತು. ಇಲ್ಲ ಅಂತ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ನನ್ನ ಮನಸಿನಲ್ಲಿ ಅದು ಮಾಲಿಂಗಪ್ಪನ ಮನೆ.

ಚೀಟಿ ಎತ್ತುವ ದಿನ ಆರುನೂರು ಮಂದಿ. ಅಧಿಕಾರಿಗಳು ಚೀಟಿಯ ಕೊಡದೊಳಗೆ ಕೈ ಹಾಕಬಾರದು ಅಂತ ಜನ ಗದ್ದಲ ಮಾಡಿದರು. ಕಡೆಗೆ ಅರ್ಜಿ ಹಾಕಿದವರಲ್ಲೇ ಹಿರಿಯಳಾದ ಗುಡುಬಿಯನ್ನು ಕರೆದು ಕೂರಿಸಿದರು. ನನ್ನ ಬಾಜೂ ಕಡಾಯಿಯಲ್ಲಿ ಅಂಟು ಹುರಿಯುವವಳು ಅವಳು. ಕುಪ್ಪಸದ ತೋಳು ಮೊಳಕೈತನಕ ಏರಿಸಿ, ಕಣ್ಣು ಮುಚ್ಚಿ ಒಂದೊಂದೇ ಎತ್ತಿದಳು. ಮೂವತ್ತೇಳನೆಯದು ನನ್ನದು. ಹೆಸರು ಓದಿದ್ದೇ ತಡ, "ಏ ರಾಜೇಶ್ವರಿ, ನಾಳೆ ಚಾ ನಿಂದ" ಅಂತ ಅಲ್ಲಿಂದಲೇ ಕೂಗಿದಳು. ಅವಳ ಹೆಸರು ತೊಂಬತ್ತರೊಳಗೆ ಬರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಮೊದಲನೆಯದಾಗಿ ಬಂತು.

ನಾಲ್ಕನೇ ದಿನ ಕಚೇರಿಗೆ ಕರೆಸಿದರು. ಕ್ಲಾರ್ಕು ನನ್ನ ಆಧಾರ್ ನಂಬರ್ ಹೊಡೆದು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಅದರೊಳಗೆ ಹೊಸ ಪಾಯದ ಮುಂದೆ ನಾನು ಸೆರಗು ಹೊತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದೆ.

ಇದ್ದದ್ದೆಲ್ಲ ಹೇಳಿದೆ. ಮನುಷ್ಯ ಕೆಟ್ಟವನಲ್ಲ, ಪೂರ್ತಿ ಕೇಳಿದ.

"ಖರೆ ಇರಬಹುದ್ರಿ ಅಕ್ಕಾರ. ಆದ್ರ ಒಮ್ಮೆ ತಗೊಂಡವರು ತಗೊಂಡಂಗ. ಇದು ಮೊದಲ ಸಲದವರಿಗೆ ಐತಿ."

ನನ್ನ ಮನೆ ಗುಡುಬಿಗೆ ಹೋಯಿತು. ಮರುದಿನ ಅವಳು ಕಡಾಯಿ ಬಿಟ್ಟು ಕತ್ತೆತ್ತಲಿಲ್ಲ. ನಿನ್ನ ತಪ್ಪೇನೈತಿ ಅಂದೆ. "ನನ್ನ ಕೈ ನಿನಗ ಕೊಟ್ಟಿತ್ತವ್ವಾ" ಅಂದಳು, ಅಷ್ಟೇ.

ಯುಗಾದಿಗೆ ಹದಿನೆಂಟು ದಿನ ಉಳಿದಿತ್ತು. ತುಕ್ಕಾನಟ್ಟಿಗೆ ಹೊರಟೆ. ಘಟಪ್ರಭಾದಲ್ಲಿ ಬಸ್ಸು ಬದಲಿಸುವಾಗ ಎರಡು ಬಸ್ಸು ಬೇಕಂತಲೇ ಬಿಟ್ಟೆ. ಮೂರನೆಯದು ಹತ್ತಿದೆ.

ಮಾಲಿಂಗಪ್ಪ ಮನೆಗೆ ಹಿಂದೆ ತಗಡಿನ ಪತ್ರಾಸಿನ ಖೋಲಿ ಕೂಡಿಸಿದ್ದ. ಅಂಗಳದಲ್ಲಿ ಎಮ್ಮೆ, ಎರಡು ಕೂಸು. ಅವನ ಹೆಂಡತಿ ರಾಧಿಕಾ ಚಹಾ ಕೊಟ್ಟಳು. ಕುಡಿದು ಮುಗಿಸಿ, ಎದ್ದು ಹೋಗಬೇಕು ಅನ್ನುವ ಹೊತ್ತಿಗೆ, ಮನೆಯ ಕೀಲಿ ಬೇಕಾಗಿದೆ ಅಂತ ಬಾಯಿ ಬಿಟ್ಟೆ. ರಾಧಿಕಾ ಲೋಟ ಎತ್ತಿಕೊಂಡಳು.

"ಒಂಬತ್ತು ವರ್ಷ ಸುಣ್ಣ ಹಚ್ಚಿದಾಕಿ ನಾನು. ಅಕ್ಕಾರು ಫೋಟೋಕ್ಕ ನಿಂತವರು."

ಬ್ಯಾಡ ಬಿಡ್ರಿ ಅನ್ನುವ ಮಾತು ನಾಲಗೆ ತುದಿಗೆ ಬಂತು. ಶಿವಾನಿಯ ಪುಸ್ತಕದ ಗಂಟನ್ನು ಎಲ್ಲಿ ಇಡಲಿ ಅನ್ನಿಸಿ ನುಂಗಿಕೊಂಡೆ.

ಮಾಲಿಂಗಪ್ಪ ಎದ್ದು ಎಮ್ಮೆಗೆ ಮೇವು ಹಾಕಿ ಬಂದ.

"ಯಾವಾಗ ಬೇಕ್ರಿ, ವೈನಿ?"

"ಯುಗಾದಿಯೊಳಗ."

ಅವನು ಹೆಂಡತಿ ಕಡೆ ತಿರುಗಿದ. "ನಮ್ಮ ಹೆಸರಿಗೆ ಎಲ್ಲೂ ಮನಿ ಇಲ್ಲ. ನಾವೂ ಮೊದಲ ಸಲದವರು. ಅರ್ಜಿ ಹಾಕಾಕ ಬರ್ತೈತಿ."

"ಹಾಕ್ರಿ. ಈ ಸಲ ನಾನು ನಿಲ್ಲತೇನಿ ಫೋಟೋಕ್ಕ" ಅಂದಳು ರಾಧಿಕಾ. ನಗಲಿಲ್ಲ.

ಯುಗಾದಿಗೆ ಮೂರು ದಿನ ಇರುವಾಗ ಅವರು ಮಸಗುಪ್ಪಿಗೆ, ರಾಧಿಕಾಳ ತವರಿಗೆ ಹೋದರು. ಸಾಮಾನು ಟ್ರ್ಯಾಕ್ಟರಿನಲ್ಲಿ ಎರಡು ಖೇಪು ಹೋಯಿತು. ಎಮ್ಮೆಯನ್ನು ಅವನೇ ಹೊಡೆದುಕೊಂಡು ಹೋದ. ಚಿಕ್ಕ ಕೂಸು ಪಾಟಿಚೀಲ ಹಿಡಿದು ನಾನು ಯಾವ ಸಾಲಿಗೆ ಹೋಗಲಿ ಅಂತ ಕೇಳುತ್ತಲೇ ಇತ್ತು.

ಈಗ ನಾನು, ಶಿವಾನಿ ತುಕ್ಕಾನಟ್ಟಿಯಿಂದ ಬೆಳಿಗ್ಗೆ ಆರರ ಬಸ್ಸಿಗೆ ಗೋಕಾಕಕ್ಕೆ ಹೋಗುತ್ತೇವೆ. ತಿರುಗಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ರಾಧಿಕಾ ಫೋನು ಎತ್ತುವುದಿಲ್ಲ.

ಮಾಲಿಂಗಪ್ಪ ಕೊಟ್ಟ ಮಾತು ನಡೆಸಿದ.